ಕಾರಿಗೆ ಯಾವ ಸಬ್‌ವೂಫರ್? ಮೊದಲು ಆಂಪ್ ಮೇಲಿನ ಒಂದು ಸಾಲು ಓದಿ

"12 ಇಂಚು ತಗೊಳ್ಳಲಾ, 10 ಸಾಕಾ?" ಕಾರಿಗೆ ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರ್, ಹಾಕಿಸಬೇಕು ಎನ್ನುವ ಗೆಳೆಯರು ನನ್ನನ್ನು ಮೊದಲು ಕೇಳುವುದು ಇದನ್ನೇ. ಆಮೇಲೆ, "ಎಷ್ಟು ವ್ಯಾಟ್‌ದು ಒಳ್ಳೇದು?" ಅಂತಾರೆ. ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ಇವೆರಡಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ನನ್ನ ಆಂಪ್, ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್, ಎಷ್ಟು ಓಮ್‌ಗೆ (ಸಬ್ ಒಡ್ಡುವ ತಡೆಯ ಅಳತೆ) ಎಷ್ಟು ವ್ಯಾಟ್ ಕೊಡುತ್ತದೆ?

ಈ ಪ್ರಶ್ನೆ ಕೇಳದೆ ನಾನು ದುಡ್ಡು ಕಳೆದುಕೊಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಎರಡು 12 ಇಂಚಿನ ಸಬ್ ಕೊಂಡೆ. ಎರಡೂ ಜೋಡಿ ಕಾಯಿಲ್‌ನವು (ಒಂದೇ ಸಬ್‌ನೊಳಗೆ ಕೋನ್ ಅಲುಗಿಸುವ ಎರಡು ತಂತಿ ಸುರುಳಿ), ಒಂದೊಂದು ಕಾಯಿಲ್ 4 ಓಮ್. ಅಂಗಡಿಯವರು ನಾಲ್ಕೂ ಕಾಯಿಲ್‌ಗಳ ಪ್ಲಸ್ ಒಂದು ಕಡೆ, ಮೈನಸ್ ಒಂದು ಕಡೆ ಸೇರಿಸಿ ಆಂಪ್‌ಗೆ ಕೊಟ್ಟರು. ಮನೆಯಿಂದ ಹೊರಟು ಅರ್ಧ ಗಂಟೆಯಲ್ಲಿ ಆಂಪ್‌ನ ಕೆಂಪು ದೀಪ ಹತ್ತಿ ಹಾಡು ನಿಂತಿತು. ತಣ್ಣಗಾದ ಮೇಲೆ ಮತ್ತೆ ಶುರು, ಮತ್ತೆ ಬಂದ್. "ಆಂಪ್ ವೀಕ್ ಇದೆ, ದೊಡ್ಡದು ಹಾಕ್ಸಿ" ಅಂದರು. ಹಾಕಿಸಿದೆ. ತಿಂಗಳುಗಳ ನಂತರ ಮಲ್ಟಿಮೀಟರ್ ಹಿಡಿದು ನಾನೇ ಅಳೆದು ನೋಡಿದಾಗ ವಿಷಯ ಗೊತ್ತಾಯಿತು. ಹಳೆಯ ಆಂಪ್ 2 ಓಮ್‌ವರೆಗೆ ಮಾತ್ರ ತಡೆಯುವಂಥದ್ದು. ಅದಕ್ಕೆ ಕೊಟ್ಟಿದ್ದು 1 ಓಮ್. ಅದೇ ನಾಲ್ಕು ಕಾಯಿಲ್‌ಗಳನ್ನು ಬೇರೆ ರೀತಿ ಜೋಡಿಸಿದ್ದರೆ 4 ಓಮ್ ಆಗುತ್ತಿತ್ತು, ಹೊಸ ಆಂಪ್ ಬೇಕಾಗುತ್ತಲೇ ಇರಲಿಲ್ಲ. ನಿಮಗೆ ಹೀಗೆ ಆಗಬಾರದು ಅಂತಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗುವ ಮೊದಲು

ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ.

ಮೊದಲನೆಯದು ಜಾಗ. ಡಿಕ್ಕಿಯಲ್ಲಿ ಎಷ್ಟು ಬಿಟ್ಟುಕೊಡಬಲ್ಲಿರಿ? ಸ್ವಿಫ್ಟ್‌ನ ಡಿಕ್ಕಿ ಸುಮಾರು 265 ಲೀಟರ್, ಬಲೆನೊದ್ದು 318. ಸಿಎನ್‌ಜಿ ಕಾರಾದರೆ ಸಿಲಿಂಡರ್ ಕೂತ ಮೇಲೆ ಉಳಿಯುವುದು ಅಷ್ಟಕ್ಕಷ್ಟೆ. ಹಬ್ಬಕ್ಕೆ ಊರಿಗೆ ಹೋಗುವಾಗ ಮನೆಮಂದಿಯ ಬ್ಯಾಗುಗಳು, ಬರುವಾಗ ಅಕ್ಕಿ ಚೀಲ, ತೆಂಗಿನಕಾಯಿ. ಇದನ್ನೆಲ್ಲ ನೆನಪಿಸಿಕೊಂಡೇ ಲೆಕ್ಕ ಹಾಕಿ. ಸ್ಟೆಪ್ನಿ ತೆಗೆಯಲು ಸಬ್ ಕೂರಿಸುವ ಮರದ ಡಬ್ಬ ಅಡ್ಡ ಬರುತ್ತದಾ ಅಂತಲೂ ನೋಡಿ.

ಎರಡನೆಯದು ಆರ್‌ಎಂಎಸ್. ಪ್ಯಾಕಿಂಗ್ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ವ್ಯಾಟ್ ನೋಡಲೇಬೇಡಿ. ಅದು ಒಂದು ಕ್ಷಣ ತಡೆಯುವ ಗರಿಷ್ಠ ಅಷ್ಟೆ. ಸತತವಾಗಿ ತಡೆಯುವುದು ಆರ್‌ಎಂಎಸ್, ಕೆಲವು ಕಂಪನಿಗಳು ಅದನ್ನೇ ನಾಮಿನಲ್ ಎಂದು ಬರೆಯುತ್ತವೆ. ಪಯೋನಿಯರ್‌ನ ಟಿಎಸ್-ಎ300ಡಿ4 ಎಂಬ 12 ಇಂಚಿನ ಸಬ್ ತಗೊಳ್ಳಿ. ಗರಿಷ್ಠ 1500 ವ್ಯಾಟ್, ನಾಮಿನಲ್ 500. ನಮ್ಮ ಲೆಕ್ಕಕ್ಕೆ ಬರುವುದು 500 ಮಾತ್ರ. ಆಂಪ್‌ಗೂ ಹೀಗೆಯೇ. 14.4 ವೋಲ್ಟ್‌ನಲ್ಲಿ ಶೇ 1ಕ್ಕಿಂತ ಕಡಿಮೆ ಡಿಸ್ಟಾರ್ಶನ್ (ಸದ್ದು ಕೆಡುವ ಪ್ರಮಾಣ) ಇಟ್ಟು ಅಳೆಯುವ ಸಿಇಎ-2006 ಎಂಬ ಪದ್ಧತಿಯ ಗುರುತು ಇದ್ದರೆ ಆ ಅಂಕಿಯನ್ನು ನಂಬಬಹುದು. "3000 ವ್ಯಾಟ್" ಎಂದು ಬರೆದು ಎರಡು 20 ಆಂಪಿಯರ್ ಫ್ಯೂಸ್ ಹಾಕಿರುವ ಆಂಪ್ ಕಂಡರೆ ಗುಣಿಸಿ ನೋಡಿ. 40 ಆಂಪಿಯರ್, 14 ವೋಲ್ಟ್: 560 ವ್ಯಾಟ್. ಒಳಗೆ ಹೋಗುವುದೇ ಅಷ್ಟಾದರೆ ಹೊರಗೆ 3000 ಎಲ್ಲಿಂದ ಬರಬೇಕು?

ಮೂರನೆಯದು ಓಮ್. ಇದರ ಬಗ್ಗೆ ಕೆಳಗೆ ಬೇಕಾದಷ್ಟು ಇದೆ.

ನಾಲ್ಕನೆಯದು ನೀವು ಕೇಳುವ ಹಾಡು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಸ್ವರ ಸುಮಾರು 41 ಹರ್ಟ್ಜ್. ಬಾಗಿಲಲ್ಲಿರುವ ಆರೂವರೆ ಇಂಚಿನ ಸ್ಪೀಕರಿಗೆ ಅಷ್ಟು ಕೆಳಗೆ ಇಳಿದು ಗಟ್ಟಿಯಾಗಿ ಹೇಳುವ ಶಕ್ತಿ ಇರುವುದಿಲ್ಲ. ಆ ಕೆಲಸಕ್ಕೆ ಸಬ್ ಬೇಕು. ಆದರೆ ಭಾವಗೀತೆ, ಹಳೆಯ ಸಿನಿಮಾ ಹಾಡು, ಕಛೇರಿ ಕೇಳುವವರಿಗೆ ಬೇಕಾಗುವ ಬೇಸ್ ಬೇರೆ, ಡಿಜೆ ಹಾಡಿನವರಿಗೆ ಬೇಕಾದ್ದು ಬೇರೆ. ಮೃದಂಗದ ಎಡಗಡೆಯ ಗುಮುಕು ಸ್ಪಷ್ಟವಾಗಿ ಕೇಳಿಸಿದರೆ ಸಾಕು ಅನ್ನುವವರಿಗೆ ದೊಡ್ಡ ಡಬ್ಬದ ಅಗತ್ಯವೇ ಇಲ್ಲ.

ಓಮ್ ಎಂದರೆ ಇಷ್ಟೇ

ಓಮ್ ಎಂದರೆ ಕರೆಂಟಿಗೆ ಕಾಯಿಲ್ ಒಡ್ಡುವ ತಡೆ. ತಡೆ ಕಮ್ಮಿಯಾದಷ್ಟೂ ಆಂಪ್‌ನಿಂದ ಕರೆಂಟ್ ಜಾಸ್ತಿ ಹರಿಯುತ್ತದೆ, ವ್ಯಾಟ್ ಜಾಸ್ತಿ ಸಿಗುತ್ತದೆ, ಬಿಸಿಯೂ ಜಾಸ್ತಿ. ಪ್ರತಿ ಆಂಪ್‌ಗೂ ಇದಕ್ಕಿಂತ ಕೆಳಗೆ ಹೋಗಬಾರದು ಎಂಬ ಒಂದು ಗಡಿ ಇದೆ. ಆ ಗಡಿ ಪುಸ್ತಕದಲ್ಲಿ, ಎಷ್ಟೋ ಸಲ ಆಂಪ್ ಮೈಮೇಲೇ ಬರೆದಿರುತ್ತದೆ.

ಕಾಯಿಲ್‌ಗಳನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ಒಂದರ ಹಿಂದೆ ಒಂದು ಸೇರಿಸಿದರೆ ಸೀರೀಸ್, ಆಗ ಓಮ್ ಕೂಡುತ್ತದೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟರೆ ಪ್ಯಾರಲಲ್, ಒಂದೇ ಅಳತೆಯ ಎರಡು ಕಾಯಿಲ್ ಇದ್ದರೆ ಓಮ್ ಅರ್ಧವಾಗುತ್ತದೆ. ನೀರು ಹೋಗಲು ಒಂದು ಪೈಪಿನ ಬದಲು ಪಕ್ಕಪಕ್ಕದಲ್ಲಿ ಎರಡು ಇಟ್ಟಂತೆ.

ಈಗ ಅಂಗಡಿಯಲ್ಲಿ ಸಿಗುವ ಸಬ್‌ಗಳನ್ನು ನೋಡೋಣ. ಒಂಟಿ ಕಾಯಿಲ್ 4 ಓಮ್ ಆದರೆ 4 ಓಮ್, ಬೇರೆ ದಾರಿ ಇಲ್ಲ. ಜೋಡಿ 4 ಓಮ್ ಆದರೆ ಪ್ಯಾರಲಲ್‌ನಲ್ಲಿ 2, ಸೀರೀಸ್‌ನಲ್ಲಿ 8. ಜೋಡಿ 2 ಓಮ್ ಆದರೆ ಪ್ಯಾರಲಲ್‌ನಲ್ಲಿ 1, ಸೀರೀಸ್‌ನಲ್ಲಿ 4. ಇದಿಷ್ಟು ಬಾಯಿಪಾಠ ಇದ್ದರೆ ಒಂದು ಸಬ್‌ನ ಮಟ್ಟಿಗೆ ಯಾರೂ ನಿಮಗೆ ತಪ್ಪು ಮಾಲು ಕೊಡಲಾರರು. ಜೋಡಿ ಕಾಯಿಲ್ ಸಬ್‌ನಲ್ಲಿ ಒಂದು ಕಾಯಿಲ್ ಮಾತ್ರ ಬಳಸಿ ಇನ್ನೊಂದನ್ನು ಖಾಲಿ ಬಿಡುವವರಿದ್ದಾರೆ. ಹಾಗೆ ಮಾಡಿದರೆ ಸಬ್ ತಡೆಯುವ ವ್ಯಾಟ್ ಅರ್ಧಕ್ಕೆ ಇಳಿಯುತ್ತದೆ, ಮಾಡಬೇಡಿ.

ಎಷ್ಟೋ ಸಲ ಮಾಡೆಲ್ ಹೆಸರಿನ ಕೊನೆಯಲ್ಲೇ ಗುಟ್ಟು ಇರುತ್ತದೆ. ಮೇಲೆ ಹೇಳಿದ ಪಯೋನಿಯರ್‌ನಲ್ಲಿ ಕೊನೆಯ ಡಿ4 ಎಂದರೆ ಜೋಡಿ 4 ಓಮ್. ಅದರ ತಮ್ಮನಂತಿರುವ ಟಿಎಸ್-ಎ30ಎಸ್4 ಎಂದರೆ ಒಂಟಿ 4 ಓಮ್, ನಾಮಿನಲ್ 400 ವ್ಯಾಟ್. ನೋಡಲು ಎರಡೂ 12 ಇಂಚೇ. ಆದರೆ ಒಂದು ಆಂಪ್‌ಗೆ ಸರಿಹೊಂದಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ನಾಲ್ಕು ದಾರಿಗಳು

ಸೀಟಿನ ಕೆಳಗೆ ಕೂರುವ ಆಕ್ಟಿವ್ ಸಬ್‌ನಲ್ಲಿ ಆಂಪ್ ಒಳಗೇ ಇರುತ್ತದೆ. ಓಮ್ ತಲೆನೋವು ಇಲ್ಲ, ಕಂಪನಿಯವರೇ ಹೊಂದಿಸಿರುತ್ತಾರೆ. ಎಂಟು ಇಂಚಿನ ತೆಳ್ಳನೆಯ ಕೋನ್, ಸಾಮಾನ್ಯವಾಗಿ 50ರಿಂದ 150 ವ್ಯಾಟ್ ಆರ್‌ಎಂಎಸ್. ಜೆಬಿಎಲ್‌ನ ಬೇಸ್‌ಪ್ರೊ ಎಸ್ಎಲ್ 125 ವ್ಯಾಟ್‌ನದು. ಡಿಕ್ಕಿ ಪೂರ್ತಿ ಉಳಿಯುತ್ತದೆ. ಕರೆಂಟ್ ಕಮ್ಮಿ ಎಳೆಯುತ್ತದೆ. ಕಂಪನಿ ಸ್ಟೀರಿಯೊ ತೆಗೆಯದೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಅನುಕೂಲವೂ ಹಲವು ಮಾಡೆಲ್‌ಗಳಲ್ಲಿದೆ. ಕೊರತೆ ಏನೆಂದರೆ 40 ಹರ್ಟ್ಜ್‌ಗಿಂತ ಕೆಳಗೆ ಇದರಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಎದೆಗೆ ಗುದ್ದುವ ಬೇಸ್ ಬರುವುದಿಲ್ಲ. ಆದರೆ ಹಾಡು ತುಂಬಿಕೊಂಡಂತೆ ಕೇಳಿಸುತ್ತದೆ. ಸಿಎನ್‌ಜಿ ಕಾರಿನವರಿಗೆ, ಚಿಕ್ಕ ಮಕ್ಕಳಿರುವ ಮನೆಯವರಿಗೆ, 15 ಸಾವಿರದೊಳಗೆ ಮುಗಿಸಬೇಕು ಎನ್ನುವವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಕೊಳ್ಳುವ ಮೊದಲು ಸೀಟಿನ ಕೆಳಗೆ ಟೇಪ್ ಹಿಡಿದು ಎತ್ತರ ಅಳೆಯಿರಿ. ಸೀಟು ಹಿಂದೆ ಮುಂದೆ ಸರಿಯುವಾಗ ತಾಗುತ್ತದಾ, ಅಲ್ಲಿ ಎಸಿ ಗಾಳಿಯ ಪೈಪ್ ಇದೆಯಾ ನೋಡಿ. ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ನೀರು ಮ್ಯಾಟ್ ಕೆಳಗೆ ನಿಲ್ಲುವ ಕಾರಾದರೆ ನೆಲಕ್ಕೆ ತಾಗದಂತೆ ಸ್ವಲ್ಪ ಎತ್ತಿ ಕೂರಿಸಿ.

ರೆಡಿಮೇಡ್ ಡಬ್ಬದ ಆಕ್ಟಿವ್ ಸಬ್, ಟ್ಯೂಬ್ ಆಕಾರದ್ದೂ ಸೇರಿ, ಎರಡನೆಯ ದಾರಿ. ಇದರಲ್ಲೂ ಆಂಪ್ ಒಳಗೇ. ಬೇಕಾದಾಗ ಕನೆಕ್ಟರ್ ಕಿತ್ತು ಡಬ್ಬ ಹೊರಗಿಡಬಹುದು ಎಂಬುದು ದೊಡ್ಡ ಅನುಕೂಲ. ಮುಂದೆ ದೊಡ್ಡದು ಮಾಡಬೇಕು ಅನ್ನಿಸಿದರೆ ಮಾತ್ರ ಇದರಿಂದ ಏನೂ ಉಳಿಯುವುದಿಲ್ಲ, ಪೂರ್ತಿ ಬದಲಿಸಬೇಕು.

ಮೂರನೆಯದು ನಾಲ್ಕು ಚಾನೆಲ್ ಆಂಪ್. ಮುಂದಿನ ಎರಡು ಬಾಗಿಲಿನ ಸ್ಪೀಕರಿಗೆ ಎರಡು ಚಾನೆಲ್, ಉಳಿದೆರಡನ್ನು ಬ್ರಿಡ್ಜ್ ಮಾಡಿ, ಅಂದರೆ ಒಂದಾಗಿ ಸೇರಿಸಿ, ಒಂದು ಸಬ್‌ಗೆ. ನನಗೆ ಬಹಳ ಇಷ್ಟವಾದ ದಾರಿ ಇದು. ಬರೀ ಸಬ್ ಹಾಕಿ ಬಾಗಿಲಿನ ಸ್ಪೀಕರನ್ನು ಸ್ಟೀರಿಯೊದ ಪುಟ್ಟ ಪವರ್‌ನಲ್ಲೇ ಬಿಟ್ಟರೆ ಹಿಂದೆ ಗುಡುಗು, ಮುಂದೆ ಪಿಸುಮಾತು ಎಂಬಂತಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ, ಹಾಡುಗಾರರ ದನಿಯೂ ಎದ್ದು ಬರುತ್ತದೆ.

ಆದರೆ ತಪ್ಪು ಅತಿ ಹೆಚ್ಚು ನಡೆಯುವುದೂ ಇಲ್ಲೇ. ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲ್‌ಗೂ ಸಬ್‌ನ ಓಮ್ ಅರ್ಧದಷ್ಟೇ ಕಾಣುತ್ತದೆ. 4 ಓಮ್ ಸಬ್ ಕೊಟ್ಟರೆ ಒಂದೊಂದು ಚಾನೆಲ್ ಮೇಲೆ 2 ಓಮ್‌ನ ಭಾರ. ಸಾಮಾನ್ಯ ನಾಲ್ಕು ಚಾನೆಲ್ ಆಂಪ್‌ನ ಗಡಿ ಅದೇ. ಆದ್ದರಿಂದ ಬ್ರಿಡ್ಜ್‌ಗೆ 4 ಓಮ್‌ಗಿಂತ ಕೆಳಗೆ ಕೊಡುವಂತಿಲ್ಲ. ಅಂದರೆ ಇಲ್ಲಿ ಒಂಟಿ 4 ಓಮ್ ಸಬ್ ತಗೊಳ್ಳಿ, ಇಲ್ಲವೇ ಜೋಡಿ 2 ಓಮ್ ತಂದು ಸೀರೀಸ್ ಮಾಡಿಸಿ. ಜೋಡಿ 4 ಓಮ್ ಇಲ್ಲಿ ಬೇಡ. ಪ್ಯಾರಲಲ್ ಮಾಡಿದರೆ 2 ಓಮ್ ಆಗಿ ಆಂಪ್ ಬಿಸಿಯಾಗುತ್ತದೆ, ಸೀರೀಸ್ ಮಾಡಿದರೆ 8 ಓಮ್ ಆಗಿ ಅರ್ಧ ಪವರ್ ಹೋಗುತ್ತದೆ.

ನಾಲ್ಕನೆಯದು ಸಬ್‌ಗೆಂದೇ ಮಾಡಿದ, ಒಂದೇ ಚಾನೆಲ್‌ನ ಮೋನೊ ಆಂಪ್. ಹೆಚ್ಚಿನವು ಕ್ಲಾಸ್ ಡಿ ಎಂಬ ಬಗೆಯವು. ಎಳೆದ ಕರೆಂಟಿನಲ್ಲಿ ಸುಮಾರು ಶೇ 80ರಷ್ಟು ಸ್ಪೀಕರಿಗೆ ಹೋಗುತ್ತದೆ, ಹಳೆಯ ಕ್ಲಾಸ್ ಎಬಿಯಲ್ಲಿ ಶೇ 50–60 ಅಷ್ಟೆ. 300 ವ್ಯಾಟ್ ಸತತವಾಗಿ ಬೇಕೆಂದರೆ ಕ್ಲಾಸ್ ಡಿ 27 ಆಂಪಿಯರ್ ಎಳೆದರೆ ಎಬಿ 40ರ ಹತ್ತಿರ ಎಳೆಯುತ್ತದೆ. ಸಣ್ಣ ಕಾರಿನ ಆಲ್ಟರ್ನೇಟರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ರಾತ್ರಿ ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಎಸಿ ಎಲ್ಲ ಓಡುತ್ತಿರುವಾಗ ಉಳಿಯುವ ಕರೆಂಟ್ ಅಷ್ಟೇನೂ ಇರುವುದಿಲ್ಲ. ಬೀಟ್‌ಗೆ ತಕ್ಕಂತೆ ಲೈಟ್ ಮಂಕಾಗುತ್ತಿದ್ದರೆ ಕಾರು ಅದನ್ನೇ ಹೇಳುತ್ತಿದೆ.

ಮೋನೊ ಆಂಪ್‌ನ ಪುಸ್ತಕದಲ್ಲಿ "4 ಓಮ್‌ಗೆ 250, 2 ಓಮ್‌ಗೆ 400" ಎಂದು ಬರೆದಿದೆ ಅಂದುಕೊಳ್ಳಿ. ಗಡಿ 2 ಓಮ್. ಆಗ ಜೋಡಿ 4 ಓಮ್ ಸಬ್ ತಂದು ಪ್ಯಾರಲಲ್ ಮಾಡಿದರೆ ಆಂಪ್‌ನ ಪೂರ್ತಿ ಶಕ್ತಿ ಸಿಗುತ್ತದೆ. ಜೋಡಿ 2 ಓಮ್ ತಂದರೆ 4 ಓಮ್‌ಗೆ ಮಾತ್ರ ಕೊಡಬಹುದು, 250 ಸಿಗುತ್ತದೆ. ಆಂಪ್ 1 ಓಮ್ ತಡೆಯುವಂಥದ್ದಾದರೆ ಅದೇ ಜೋಡಿ 2 ಓಮ್ ಸಬ್ ಸರಿಯಾದ ಜೊತೆ.

ಇಲ್ಲೊಂದು ಮಾತು ಹೇಳಲೇಬೇಕು. 250ಕ್ಕೂ 400ಕ್ಕೂ ಕಿವಿಗೆ ಗೊತ್ತಾಗುವ ವ್ಯತ್ಯಾಸ ಬರೀ 2 ಡೆಸಿಬೆಲ್. ವ್ಯಾಟ್ ಎರಡರಷ್ಟಾದರೆ 3 ಡೆಸಿಬೆಲ್ ಏರುತ್ತದೆ. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ ಇನ್ನೂ 100 ವ್ಯಾಟ್‌ಗಾಗಿ ಆಂಪ್ ಗಡಿಯ ಹತ್ತಿರ ಓಡಿಸುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಈಗಾಗಲೇ ಒಂದು ಒಂಟಿ 4 ಓಮ್ ಸಬ್ ಇದ್ದರೆ 4 ಓಮ್‌ಗೇ ಓಡಿಸಿ ನೆಮ್ಮದಿಯಾಗಿರಿ. ಆಂಪ್ ತಣ್ಣಗಿರುತ್ತದೆ, ಬೇಸ್ ಹದವಾಗಿರುತ್ತದೆ.

ಎರಡು ಸಬ್ ಬೇಕೇ ಬೇಕು ಎನ್ನುವವರಿಗೆ ಚಿಕ್ಕದಾಗಿ: ಎರಡು ಒಂಟಿ 4 ಓಮ್ ಪ್ಯಾರಲಲ್ ಮಾಡಿದರೆ 2. ಎರಡು ಜೋಡಿ 2 ಓಮ್ ಸಬ್‌ಗಳಲ್ಲಿ ಒಂದೊಂದನ್ನು ಒಳಗೆ ಸೀರೀಸ್ ಮಾಡಿ, ಆಮೇಲೆ ಎರಡನ್ನೂ ಪ್ಯಾರಲಲ್ ಮಾಡಿದರೆ 2. ಎರಡು ಜೋಡಿ 4 ಓಮ್ ಆದರೆ 1 ಅಥವಾ 4 ಆಗಬಹುದು, 2 ಆಗುವುದಿಲ್ಲ. ನನ್ನ ಆಂಪ್ ಕೆಂಪು ದೀಪ ಹತ್ತಿಸಿದ್ದು ಇದೇ ಕಾರಣಕ್ಕೆ. ಎರಡು ಬೇರೆ ಬೇರೆ ಮಾಡೆಲ್ ಸಬ್‌ಗಳನ್ನು ಒಂದೇ ಆಂಪ್‌ಗೆ ಸೇರಿಸಬೇಡಿ.

ಆಂಪ್‌ನ ಆರ್‌ಎಂಎಸ್ ಸಬ್‌ಗಿಂತ ಸ್ವಲ್ಪ ಕಮ್ಮಿ ಇದ್ದರೆ ಸಬ್ ಸುಡುತ್ತದೆ ಎಂದು ಹೆದರಿಸುವವರಿದ್ದಾರೆ. ಕಮ್ಮಿ ವ್ಯಾಟ್ ಯಾವ ಸಬ್ಬನ್ನೂ ಸುಡುವುದಿಲ್ಲ. ಆಂಪ್‌ಗೆ ಆಗದಷ್ಟು ಗೇನ್ (ಸ್ಟೀರಿಯೊ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು) ಏರಿಸಿ ಸದ್ದಿನ ಅಲೆಯ ತಲೆ ಕತ್ತರಿಸಿದಾಗ ಕಾಯಿಲ್ ಸತತವಾಗಿ ಕಾಯುತ್ತದೆ, ಸುಡುವುದು ಆಗ. ಸಬ್‌ನ ಆರ್‌ಎಂಎಸ್‌ನ ಮುಕ್ಕಾಲು ಭಾಗದಿಂದ ಸಮದವರೆಗೆ ಆಂಪ್ ಇದ್ದರೆ ಚಿಂತೆ ಇಲ್ಲ.

ಡಬ್ಬದ ಮಾತು

ಜನ ಸಬ್‌ಗೆ ದುಡ್ಡು ಹಾಕುತ್ತಾರೆ, ಡಬ್ಬಕ್ಕೆ ಮನಸ್ಸು ಮಾಡುವುದಿಲ್ಲ. ಆದರೆ ಅರ್ಧ ಸದ್ದು ಡಬ್ಬದ್ದೇ. ಎಲ್ಲ ಕಡೆ ಮುಚ್ಚಿದ ಸೀಲ್ಡ್ ಡಬ್ಬ ಚಿಕ್ಕದು. 12 ಇಂಚಿಗೆ ಸುಮಾರು ಒಂದು ಘನ ಅಡಿ, ಅಂದರೆ 28 ಲೀಟರ್ ಆಸುಪಾಸು. ಬೇಸ್ ಬಿಗಿಯಾಗಿ, ಚುರುಕಾಗಿ ಬರುತ್ತದೆ. ತಬಲಾ, ಮೃದಂಗ, ತಮಟೆಯ ಏಟು ಎಲ್ಲಿ ಶುರುವಾಗಿ ಎಲ್ಲಿ ನಿಂತಿತು ಎಂದು ಗೊತ್ತಾಗುತ್ತದೆ. ಪೋರ್ಟ್, ಅಂದರೆ ಗಾಳಿ ಆಡುವ ತೂತು, ಇರುವ ಡಬ್ಬ ಅದೇ ವ್ಯಾಟ್‌ಗೆ ಜಾಸ್ತಿ ಸದ್ದು ಕೊಡುತ್ತದೆ, ಆದರೆ 45–55 ಲೀಟರ್ ಬೇಕು. ಹಲಗೆಯ ದಪ್ಪವೂ ಸೇರಿದರೆ ಸ್ವಿಫ್ಟ್‌ನ ಡಿಕ್ಕಿಯ ಕಾಲು ಭಾಗ ಹೋಯಿತು ಅಂತಲೇ ಲೆಕ್ಕ. ಸರಿಯಾದ ಅಳತೆ ಸಬ್‌ನ ಪುಸ್ತಕದಲ್ಲೇ ಇರುತ್ತದೆ. ಅದನ್ನು ಬಡಗಿಗೆ ತೋರಿಸಿ ಮಾಡಿಸಿದ ಡಬ್ಬ ರಾಶಿಯಿಂದ ಎತ್ತಿ ಕೊಟ್ಟ ಡಬ್ಬಕ್ಕಿಂತ ಯಾವಾಗಲೂ ಮೇಲು. 18 ಮಿಲಿಮೀಟರ್ ಹಲಗೆ ಇರಲಿ. ಕರಾವಳಿ, ಮಲೆನಾಡಿನವರು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬದಲು ಒಳ್ಳೆಯ ಪ್ಲೈವುಡ್ ಹಾಕಿಸಿ. ಎಂಡಿಎಫ್ ನೀರು ಕುಡಿದರೆ ಉಬ್ಬಿ ಬಿಡುತ್ತದೆ.

10 ಇಂಚಾ 12 ಇಂಚಾ ಎಂಬ ಪ್ರಶ್ನೆಗೆ ಉತ್ತರ ಈಗ ಸುಲಭ. ಸಣ್ಣ ಹ್ಯಾಚ್‌ಬ್ಯಾಕ್, ಡಿಕ್ಕಿ ಬೇಕು ಅಂದರೆ ಸೀಲ್ಡ್ ಡಬ್ಬದಲ್ಲಿ 10. ಡಿಜೈರ್‌ನಂಥ ಸೆಡಾನ್‌ನಲ್ಲಿ ಹಿಂದಿನ ಸೀಟು ಅಡ್ಡ ನಿಂತು ಸದ್ದನ್ನು ತಡೆಯುತ್ತದೆ, ಅಲ್ಲಿ 12 ಹಾಕಿಸಿದರೆ ನಷ್ಟವಿಲ್ಲ.

ವೈರಿಂಗ್ ಮಾಡುವಾಗ ಪಕ್ಕದಲ್ಲೇ ನಿಲ್ಲಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾಡಿಸಿ, ನಿಮ್ಮೂರಲ್ಲೇ ಮಾಡಿಸಿ, ಗಾಡಿ ಬಿಟ್ಟು ಕಾಫಿಗೆ ಹೋಗಬೇಡಿ. ಬ್ಯಾಟರಿಯಿಂದ ಬರುವ ಪವರ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ, ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಆಂಪ್‌ನಲ್ಲಿ ಫ್ಯೂಸ್ ಇದೆಯಲ್ಲ ಅಂದರೆ ಒಪ್ಪಬೇಡಿ. ಅದು ಕಾಯುವುದು ಆಂಪನ್ನು. ಎಂಜಿನ್‌ನಿಂದ ಡಿಕ್ಕಿವರೆಗಿನ ವೈರ್ ಎಲ್ಲಾದರೂ ಕಾರಿನ ತಗಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ ತಡೆಯುವುದು ಬ್ಯಾಟರಿ ಪಕ್ಕದ ಫ್ಯೂಸ್ ಮಾತ್ರ. ತಗಡಿನ ತೂತಿನಲ್ಲಿ ವೈರ್ ಹಾದುಬರುವ ಕಡೆ ರಬ್ಬರ್ ಬುಷ್ ಇರಬೇಕು.

300 ವ್ಯಾಟ್‌ವರೆಗೆ 8 ಗೇಜ್ ತಾಮ್ರದ ವೈರ್ ಸಾಕು, 400–500ಕ್ಕೆ 4 ಗೇಜ್ ಹಾಕಿಸಿ (ಗೇಜ್ ಸಂಖ್ಯೆ ಕಮ್ಮಿಯಾದಷ್ಟೂ ವೈರ್ ದಪ್ಪ). ಅಗ್ಗದ ಕಿಟ್‌ನಲ್ಲಿ ಬರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದೇ. ಅದನ್ನೇ ಹಾಕುವುದಾದರೆ ಒಂದು ಸೈಜ್ ದಪ್ಪದ್ದು ಬೇಕು. ಅರ್ತ್ ವೈರ್ ಕೂಡ ಅಷ್ಟೇ ದಪ್ಪ, ಗಿಡ್ಡ ಇರಲಿ. ಬಣ್ಣ ಕೆರೆದು ಬರೀ ಲೋಹಕ್ಕೆ ಬಿಗಿಯಬೇಕು. ಪವರ್ ವೈರ್ ಕಾರಿನ ಒಂದು ಬದಿಯಲ್ಲಿ, ಸಿಗ್ನಲ್ ವೈರ್ ಇನ್ನೊಂದು ಬದಿಯಲ್ಲಿ ಹೋದರೆ ಎಂಜಿನ್ ಜೊತೆ ಏರಿಳಿಯುವ ಕುಂಯ್ ಸದ್ದು ಬರುವುದು ಕಮ್ಮಿ. ಸಿಎನ್‌ಜಿ ಸಿಲಿಂಡರ್, ಪೈಪಿನ ಹತ್ತಿರ ಡ್ರಿಲ್ ಹಾಕಲು ಬಿಡಬೇಡಿ. ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಯಾರೂ ಮುಟ್ಟಕೂಡದು, ಅವು ಹೈ ವೋಲ್ಟೇಜ್.

ಸಬ್ ವೈರನ್ನು ಆಂಪ್‌ಗೆ ಸಿಕ್ಕಿಸುವ ಮೊದಲು ಅದರ ಎರಡು ತುದಿಗೆ ಮಲ್ಟಿಮೀಟರ್ ಇಟ್ಟು ಓಮ್ ನೋಡಿ. ಮೀಟರ್ ತೋರಿಸುವುದು ಯಾವಾಗಲೂ ಸ್ವಲ್ಪ ಕಮ್ಮಿ. 4 ಓಮ್ ಜೋಡಣೆ 3.2ರಿಂದ 3.8 ತೋರಿಸುತ್ತದೆ, 2 ಓಮ್‌ನದು 1.6ರಿಂದ 1.9. ನೀವು ಲೆಕ್ಕ ಹಾಕಿದ್ದಕ್ಕೂ ಇದಕ್ಕೂ ತಾಳೆ ಆಗದಿದ್ದರೆ ಆಂಪ್ ಆನ್ ಮಾಡಬೇಡಿ. ಅರ್ಧ ನಿಮಿಷದ ಈ ಕೆಲಸ ನನ್ನ ಒಂದು ಆಂಪ್‌ನ ದುಡ್ಡು ಉಳಿಸುತ್ತಿತ್ತು.

ಕೊನೆಗೆ ಗೇನ್. ಅದು ವಾಲ್ಯೂಮ್ ಅಲ್ಲ. ಸಬ್ ಬಿಚ್ಚಿ, ಬೇಸ್ ಬೂಸ್ಟ್ ಆಫ್ ಮಾಡಿ, ಸ್ಟೀರಿಯೊ ಮುಕ್ಕಾಲು ವಾಲ್ಯೂಮಿನಲ್ಲಿಟ್ಟು 50 ಹರ್ಟ್ಜ್ ಟೋನ್ ಹಾಕಿ. ಆಂಪ್‌ನ ಸ್ಪೀಕರ್ ತುದಿಯಲ್ಲಿ ಎಸಿ ವೋಲ್ಟ್ ಅಳೆಯಿರಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಎಷ್ಟಕ್ಕೆ ನಿಲ್ಲಿಸಬೇಕು ಎಂದು ಗೊತ್ತಾಗುತ್ತದೆ. 2 ಓಮ್‌ಗೆ 400 ವ್ಯಾಟ್ ಆದರೆ 28 ವೋಲ್ಟ್, 4 ಓಮ್‌ಗೆ 250 ಆದರೆ ಸುಮಾರು 31.5. ಅಲ್ಲಿಗೆ ನಿಲ್ಲಿಸಿ, ಸಬ್ ಮತ್ತೆ ಜೋಡಿಸಿ, ಕೆಳಗಿನ ಸ್ವರಗಳನ್ನಷ್ಟೇ ಸಬ್‌ಗೆ ಬಿಡುವ ಲೋ ಪಾಸ್ ಫಿಲ್ಟರ್ 80 ಹರ್ಟ್ಜ್‌ಗೆ ಇಡಿ. ಬೇಸ್ ಕಾಲ ಬಳಿ ಎಲ್ಲೋ ಕಳೆದುಹೋದಂತೆ ಅನ್ನಿಸಿದರೆ ಆಂಪ್ ಅಥವಾ ಸ್ಟೀರಿಯೊದಲ್ಲಿರುವ ಫೇಸ್ ಸ್ವಿಚ್ ಒಮ್ಮೆ ತಿರುಗಿಸಿ ಅದೇ ಹಾಡು ಮತ್ತೆ ಕೇಳಿ. ಯಾವುದರಲ್ಲಿ ತುಂಬಿಕೊಂಡು ಬರುತ್ತದೋ ಅದೇ ಸರಿ.

ಒಂದು ವಾರ ಓಡಿಸಿ. ಒಂದು ದಿನ ಅರ್ಧ ಗಂಟೆ ಜೋರಾಗಿ ಹಾಕಿ, ಗಾಡಿ ನಿಲ್ಲಿಸಿ ಕೀ ತೆಗೆದು, ಬಾನೆಟ್ ಎತ್ತಿ ಫ್ಯೂಸ್ ಡಬ್ಬಿ ಮುಟ್ಟಿ ನೋಡಿ. ಆಮೇಲೆ ಅರ್ತ್ ಬೋಲ್ಟ್. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಎಲ್ಲೋ ಜಾಯಿಂಟ್ ಸಡಿಲ ಇದೆ, ಬಿಗಿ ಮಾಡಿಸಿದ ಮೇಲೆಯೇ ಮುಂದಿನ ಹಾಡು ಹಾಕಿ.